ಚೀನೀ ಭಾಷೆಯ ಆಚಾರ್ಯ ಜೇಮ್ಸ್ ಲೆಗ್

ಇಂದಿನ ದಿನ ಯಾವುದಾದರೊಂದು ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಚೀನೀ ಭಾಷೆಯನ್ನೂ ಸಂಸ್ಕೃತಿಯನ್ನೂ ಮುಖ್ಯ ವಿಷಯವಾಗಿ ತೆಗೆದುಕೊಂಡು ಪದವೀಧರನಾಗಬಯಸುವ ತರುಣನ ಮುಂದೆ ಒಂದು ನಿಯಮಾವಳಿ ಬಂದು ನಿಲ್ಲುತ್ತದೆ. ಆಡುಮಾತನ್ನು ಮೂರು ನಾಲ್ಕು ವರ್ಷ ಬಿಡದೆ ಕಲಿಯತಕ್ಕದ್ದು. ಪ್ರಾಚೀನ ಗ್ರಂಥಭಾಷೆಯ ಪಾಠಗಳಿಗೆ ಬೇರೆಯಾಗಿ ಕುಳಿತುಕೊಳ್ಳತಕ್ಕದ್ದು. ಇತಿಹಾಸ, ದರ್ಶನ, ಸಾಹಿತ್ಯಗಳಲ್ಲಿ ಇಷ್ಟಿಷ್ಟು ಪತ್ರಿಕೆಗಳನ್ನು ಬರೆಯತಕ್ಕದ್ದು. ಅನೇಕ ಕಡೆಗಳಲ್ಲಿ ಒಂದು ವರ್ಷವನ್ನು ಆ ಭಾಷೆಯನ್ನಾಡುವ ನಾಡಿನಲ್ಲಿಯೇ ಕಳೆದು ಬರತಕ್ಕದ್ದು. ಅಚ್ಚಾದ ಇಂಥ ನಿಯಮಗಳನ್ನು ಓದುವಾಗಲೆಲ್ಲ ನನಗೆ ಸ್ಕಾಟ್ಲೆಂಡಿನ ಒಬ್ಬ ಮಹನೀಯರ ನೆನಪಾಗುತ್ತದೆ. ಅವರು ಆಕ್ಸ್‌ಫರ್ಡಿನಲ್ಲಿ ಚೀನೀ ಭಾಷೆಯ ಮೊಟ್ಟಮೊದಲ ಪ್ರಾಧ್ಯಾಪಕರಾಗಿ 21 ವರ್ಷ ಪಾಠ ಹೇಳಿದರು. ಆ 21 ವರ್ಷಗಳಲ್ಲಿ ಅವರ ವಿಷಯದಲ್ಲಿ ಪದವಿ ಪಡೆಯುವ ಮಾರ್ಗವೇ ಆ ವಿಶ್ವವಿದ್ಯಾನಿಲಯದಲ್ಲಿ ಇರಲಿಲ್ಲ. ಆದರೆ ಇಂದಿನ ನಿಯಮಾವಳಿ ಕೇಳುವುದೆಲ್ಲವನ್ನೂ, ಅದು ಕೇಳಲು ಧೈರ್ಯ ಮಾಡದ ಒಂದೆರಡನ್ನೂ, ಅವರು ತಮ್ಮ ಬಾಳಿನಲ್ಲಿ ಪೂರೈಸಿದ್ದರು. ಅವರ ಹೆಸರು ಜೇಮ್ಸ್ ಲೆಗ್.

ಸ್ಕಾಟ್ಲೆಂಡಿನ ಈಶಾನ್ಯ ಭಾಗದಲ್ಲಿ ಹಂಟ್ಲಿ ಎಂಬ ಸಣ್ಣ ಊರಿದೆ. ಅಲ್ಲಿ ಬಟ್ಟೆಯ ವ್ಯಾಪಾರಿಯೊಬ್ಬರ ಮನೆಯಲ್ಲಿ 1815ರ ಡಿಸೆಂಬರ್ 20ರಂದು ಲೆಗ್ ಜನಿಸಿದರು. ಬಾಲ್ಯದಿಂದಲೂ ಅವರಿಗೆ ಲ್ಯಾಟಿನ್ ಭಾಷೆಯಲ್ಲಿ ಅಸಾಧಾರಣವಾದ ಗತಿ. ಅಬರ್ಡೀನಿನ ಕಿಂಗ್ಸ್ ಕಾಲೇಜಿನಲ್ಲಿ ಓದಿ 1835ರಲ್ಲಿ ಪದವೀಧರರಾದರು. ಅಲ್ಲಿಯೇ ಲ್ಯಾಟಿನ್ ಅಧ್ಯಾಪಕವೃತ್ತಿಗೆ ಏರುವ ದಾರಿ ಅವರ ಮುಂದೆ ತೆರೆದಿತ್ತು. ಆದರೆ ಅದಕ್ಕೊಂದು ಷರತ್ತು. ಅವರ ಮನೆತನದವರು ರಾಜ್ಯದ ಅಧಿಕೃತ ಚರ್ಚಿಗೆ ಸೇರದೆ ಸ್ವತಂತ್ರವಾಗಿ ಉಪಾಸನೆ ನಡೆಸುವ ಪಂಗಡದವರು. ಹುದ್ದೆ ಬೇಕಾದರೆ ಆ ಪಂಗಡವನ್ನು ಬಿಟ್ಟು ಅಧಿಕೃತ ಚರ್ಚಿಗೆ ಸೇರಬೇಕು. ಇಪ್ಪತ್ತರ ತರುಣ ಒಪ್ಪಲಿಲ್ಲ. ಹುದ್ದೆಗಾಗಿ ತಂದೆಯ ಮತವನ್ನು ತೊರೆಯುವುದು ಅವರಿಗೆ ಹೀನಾಯವಾಗಿ ತೋರಿತು. ಆ ಒಂದು ನಿರಾಕರಣೆಯಿಂದ ಲ್ಯಾಟಿನ್ನಿಗೆ ಒಬ್ಬ ಪಂಡಿತ ನಷ್ಟವಾದ. ಚೀನೀ ಭಾಷೆಗೆ ಲಾಭವಾದ.

ಕೆಲಕಾಲ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಟ್ಟು, ಅನಂತರ ಲಂಡನ್ನಿನಲ್ಲಿ ಧರ್ಮಶಾಸ್ತ್ರವನ್ನು ಓದಿ, ಲಂಡನ್ ಮಿಷನರಿ ಸಂಘದ ಮೂಲಕ ಚೀನಾಕ್ಕೆ ಹೋಗುವುದೆಂದು ಅವರು ನಿಶ್ಚಯಿಸಿದರು. ಹೋಗುವ ಮುನ್ನ ಭಾಷೆಯ ಪರಿಚಯವಾದರೂ ಆಗಬೇಕಲ್ಲವೆ? ಇಂಗ್ಲೆಂಡಿನಲ್ಲಿ ಆಗ ಅದಕ್ಕೆ ಇದ್ದದ್ದು ಒಂದೇ ಒಂದು ಪೀಠ. ಚೀನೀ ಭಾಷೆಯ ಮೊದಲ ದೊಡ್ಡ ನಿಘಂಟನ್ನು ಇಂಗ್ಲಿಷಿನಲ್ಲಿ ರಚಿಸಿದ ರಾಬರ್ಟ್ ಮಾರಿಸನ್ನರ ಗ್ರಂಥಭಂಡಾರವನ್ನು, ಅವರ ಮರಣಾನಂತರ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಕೊಡಲಾಗಿತ್ತು. ಐದು ವರ್ಷವಾದರೂ ಚೀನೀ ಭಾಷೆಗೆ ಒಬ್ಬ ಪ್ರಾಧ್ಯಾಪಕರನ್ನು ಇಟ್ಟುಕೊಳ್ಳಬೇಕೆಂಬುದು ದಾನದ ಕರಾರು. ಅದರಂತೆ 1837ರಲ್ಲಿ ಸ್ಯಾಮ್ಯುಯೆಲ್ ಕಿಡ್ ಎಂಬವರು ನೇಮಕವಾದರು. ಅವರಲ್ಲಿ ಲೆಗ್ ಅಕ್ಷರಾಭ್ಯಾಸ ಮಾಡಿದರು. ಐದು ವರ್ಷ ತುಂಬಿದೊಡನೆ ಕಾಲೇಜಿನವರು ಆ ಪೀಠವನ್ನು ಮುಂದುವರಿಸದೆ ಬಿಟ್ಟರು. ಕರಾರಿಗಾಗಿ ನಡೆಸಿದ ವಿದ್ಯೆ ಕರಾರಿನೊಡನೆಯೇ ಮುಗಿಯುತ್ತದೆ. ಇದು ಇಂಗ್ಲೆಂಡಿಗೆ ಮಾತ್ರ ಸೇರಿದ ಅನುಭವವೇನೂ ಅಲ್ಲ.

1839ರಲ್ಲಿ ನವವಧುವಿನೊಡನೆ ಹಡಗು ಹತ್ತಿದ ಲೆಗ್, 1840ರ ಜನವರಿಯಲ್ಲಿ ಮಲಾಕಾ ತಲುಪಿದರು. ಅಲ್ಲಿ 1818ರಷ್ಟು ಹಿಂದೆಯೇ ಸ್ಥಾಪನೆಯಾಗಿದ್ದ ಆಂಗ್ಲೋ-ಚೀನೀ ಕಾಲೇಜಿನ ಭಾರ ಬೇಗನೆ ಅವರ ಹೆಗಲಿಗೆ ಬಂದಿತು. ಅಫೀಮಿನ ಮೊದಲ ಯುದ್ಧ ಮುಗಿದು ಹಾಂಗ್‌ಕಾಂಗ್ ಬ್ರಿಟಿಷರ ಕೈಸೇರಿದ ಮೇಲೆ, 1843ರಲ್ಲಿ, ಆ ವಿದ್ಯಾಸಂಸ್ಥೆಯನ್ನು ಅಲ್ಲಿಗೆ ಸ್ಥಳಾಂತರಿಸಿದರು. ಮುಂದಿನ ಮೂವತ್ತು ವರ್ಷಗಳ ಬಹುಭಾಗ ಅವರ ಮನೆ ಅದೇ ದ್ವೀಪ. ಪಾಠ, ಪ್ರವಚನ, ರೋಗಿಗಳ ಹಾಗೂ ಕೈದಿಗಳ ಭೇಟಿ, ಶಾಲೆಗಳ ಮೇಲ್ವಿಚಾರಣೆ ಇವೆಲ್ಲ ಹಗಲಿನ ಕೆಲಸ. 1862ರಲ್ಲಿ ಆರಂಭವಾದ ಸರಕಾರಿ ಸೆಂಟ್ರಲ್ ಸ್ಕೂಲು ಅವರ ಯೋಜನೆಯ ಫಲವೇ. 1852ರಲ್ಲಿ ಪತ್ನಿ ತೀರಿಕೊಂಡರು. ಈ ದುಃಖದ ಮಾತನ್ನು ನಾನು ಇಲ್ಲಿ ಒಂದೇ ವಾಕ್ಯದಲ್ಲಿ ಹೇಳಿದೆನಾದರೂ ಅವರ ಬಾಳಿನಲ್ಲಿ ಅದು ಒಂದು ವಾಕ್ಯದ ಮಾತಾಗಿರಲಿಲ್ಲ.

ಅವರ ನಿಜವಾದ ಜೀವನ ಬೆಳಗಿನ ಜಾವದ್ದು. ಮೂರು ಗಂಟೆಗೆ ಎದ್ದು, ಒಂದು ಬಟ್ಟಲು ಚಹಾ ಕುಡಿದು, ಊರು ಏಳುವವರೆಗೆ ಗ್ರಂಥಗಳ ಮುಂದೆ ಕುಳಿತುಕೊಳ್ಳುವ ಪರಿಪಾಠವನ್ನು ಅವರು ಮುಪ್ಪಿನವರೆಗೂ ಬಿಡಲಿಲ್ಲ. ಆ ಗ್ರಂಥಗಳಾದರೂ ಯಾವುವು? ಚೀನಾದೇಶದಲ್ಲಿ ರಾಜಾಧಿಕಾರಿಯಾಗಬೇಕೆನ್ನುವವನು ಬರೆಯಬೇಕಾಗಿದ್ದ ಪರೀಕ್ಷೆಗಳ ವಿಚಾರವನ್ನು ವಾಚಕರು ಕೇಳಿರಬಹುದು. ಕನ್‌ಫ್ಯೂಷಿಯಸ್ ಸಂಪ್ರದಾಯದ ನಾಲ್ಕು ಗ್ರಂಥಗಳು ಮತ್ತು ಐದು ಮಹಾಶಾಸ್ತ್ರಗಳು ಆ ಪರೀಕ್ಷೆಗಳಿಗೆ ಆಧಾರ. ಎಲ್ಲ ಸೇರಿ ನಾಲ್ಕು ಲಕ್ಷಕ್ಕೂ ಮಿಕ್ಕ ಅಕ್ಷರಗಳು. ಅವು ಕಂಠಸ್ಥವಾಗಿರಬೇಕು, ಮೇಲೆ ವ್ಯಾಖ್ಯಾನಗಳೂ ತಿಳಿದಿರಬೇಕು. ಅಮರಕೋಶವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದ ನಮ್ಮ ಹಿರಿಯರಿಗೆ ಈ ಕ್ರಮ ವಿಚಿತ್ರವಾಗಿ ಕಾಣಲಾರದು. 1905ರಲ್ಲಿ ರದ್ದಾಗುವವರೆಗೆ, ಅನೇಕ ಶತಮಾನಗಳ ಕಾಲ, ಆ ದೇಶದ ವಿದ್ಯಾವಂತನೆಂಬವನ ಮನಸ್ಸೆಲ್ಲ ಈ ಅಚ್ಚಿನಲ್ಲಿ ಎರಕಗೊಂಡದ್ದು. ಲೆಗ್ ಇದನ್ನು ಕಂಡುಕೊಂಡರು. ಯಾವ ಗ್ರಂಥಗಳನ್ನು ಉಸಿರಾಡಿ ಒಂದು ಜನಾಂಗ ಬೆಳೆದಿದೆಯೋ ಅವನ್ನು ಅರಿಯದೆ ಆ ಜನರೊಡನೆ ಮಾತನಾಡುವುದು ಕೇವಲ ಶಬ್ದವಿನಿಮಯವಾದೀತೆಂದು ಅವರಿಗೆ ಮನವರಿಕೆಯಾಯಿತು. ಆ ಗ್ರಂಥಗಳನ್ನೆಲ್ಲ ಮೂಲಸಮೇತ ಅನುವಾದಿಸುವ ಸಂಕಲ್ಪ ಮಾಡಿದರು.

ಅಚ್ಚು ಹಾಕಿಸಲು ಹಣ ಬೇಕಾಗಿತ್ತು. ಹಣ ಕೊಟ್ಟವರು ಜೋಸೆಫ್ ಜಾರ್ಡೀನ್ ಎಂಬ ವರ್ತಕರು. ಆ ಮನೆತನದ ಕೋಠಿ ಪ್ರಬಲವಾದದ್ದು ಚೀನಾಕ್ಕೆ ಅಫೀಮನ್ನು ಸಾಗಿಸಿ. ಆ ಅಫೀಮು ಬೆಳೆದದ್ದು ನಮ್ಮ ಬಿಹಾರದ ಹೊಲಗಳಲ್ಲಿ, ಮಾಳವದ ಹೊಲಗಳಲ್ಲಿ; ಬಿಹಾರದ್ದು ಹರಾಜಾದದ್ದು ಕಲ್ಕತ್ತೆಯಲ್ಲಿ. ಆ ವ್ಯಾಪಾರವನ್ನು ಲೆಗ್ ಜೀವನಪರ್ಯಂತ ಖಂಡಿಸಿದವರು, ಅದನ್ನು ನಿಲ್ಲಿಸಲೆಂದು ಇಂಗ್ಲೆಂಡಿನಲ್ಲಿ ಹುಟ್ಟಿದ ಸಂಘದಲ್ಲಿ ದುಡಿದವರು. ಆದರೂ ಕನ್‌ಫ್ಯೂಷಿಯಸ್ಸಿನ ಇಂಗ್ಲಿಷ್ ಅವತಾರಕ್ಕೆ ಕಾಗದದ ಬೆಲೆ ತೆತ್ತದ್ದು ಅಂಥ ಹಣ. ಇದನ್ನು ಮುಚ್ಚಿಡುವುದು ಸರಿಯಲ್ಲ. ಇದಕ್ಕಾಗಿ ಲೆಗ್ ಅವರನ್ನು ಜರೆಯುವುದಕ್ಕೂ ನನಗೆ ಮನಸ್ಸು ಬಾರದು.

1861ರಲ್ಲಿ ಮೊದಲ ಎರಡು ಸಂಪುಟಗಳು ಹೊರಬಂದವು, 1872ರಲ್ಲಿ ಐದನೆಯದು. ಆ ಸಂಪುಟಗಳಲ್ಲೊಂದನ್ನು ಎಷ್ಟೋ ವರ್ಷಗಳ ಹಿಂದೆ ನಾನು ಒಂದು ಗ್ರಂಥಾಲಯದಲ್ಲಿ ತೆರೆದು ನೋಡಿದೆ. ನನಗೆ ಚೀನೀ ಬರದು. ಆದರೆ ಪುಟದ ವಿನ್ಯಾಸವನ್ನು ಕಂಡೊಡನೆ ಅಪರಿಚಿತರ ಮನೆಯಲ್ಲಿ ನಂಟರನ್ನು ಕಂಡಂತಾಯಿತು. ಮೇಲ್ಗಡೆ ದಪ್ಪಕ್ಷರದಲ್ಲಿ ಮೂಲ, ನಡುವೆ ಅನುವಾದ, ಕೆಳಗೆ ಪುಟದ ಬಹುಭಾಗವನ್ನು ಆಕ್ರಮಿಸಿಕೊಂಡ ಸಣ್ಣಕ್ಷರದ ಟಿಪ್ಪಣಿ. ಮಲ್ಲಿನಾಥನ ವ್ಯಾಖ್ಯಾನದೊಡನೆ ಕಾಳಿದಾಸನನ್ನು ಓದಿದವರಿಗೆ ಇದು ಚಿರಪರಿಚಿತವಾದ ರೂಪ. ಆ ಟಿಪ್ಪಣಿಗಳಲ್ಲಿ ಲೆಗ್ ತಮ್ಮ ಮಾತೊಂದನ್ನೇ ಹೇಳುವುದಿಲ್ಲ. ಶತಮಾನಗಳ ಚೀನೀ ಭಾಷ್ಯಕಾರರನ್ನು ಕರೆದು ಕೂರಿಸಿ, ಅವರ ವಾದಗಳನ್ನು ಕೇಳಿಸಿ, ಆಮೇಲೆ ತಮ್ಮ ನಿರ್ಣಯ ಕೊಡುತ್ತಾರೆ. ಪರದೇಶೀಯನೊಬ್ಬ ಸಂಪ್ರದಾಯದ ಬಾಗಿಲಿನಿಂದಲೇ ಒಳಕ್ಕೆ ಬಂದಿದ್ದಾನೆಂದು ನೋಡಿದೊಡನೆ ತಿಳಿಯುತ್ತದೆ.

ಈ ಬಾಗಿಲನ್ನು ತೆರೆದು ಹಿಡಿದವರ ವಿಷಯವನ್ನು ಹೇಳದೆ ಮುಂದುವರಿದರೆ ಅನ್ಯಾಯವಾದೀತು. ಲೆಗ್ ಅವರಿಗೆ ಅನೇಕ ಚೀನೀ ಪಂಡಿತರು ನೆರವಾದರು. ಅವರಲ್ಲಿ ಅಗ್ರಗಣ್ಯರು ವಾಂಗ್ ತಾವೊ. 1828ರಲ್ಲಿ ಹುಟ್ಟಿದ ಈತ ಸಾಂಪ್ರದಾಯಿಕ ವಿದ್ಯೆಯಲ್ಲಿ ಪಳಗಿದವರು. ಶಾಂಘೈಯ ಮಿಷನ್ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದರು. ತೈಪಿಂಗ್ ದಂಗೆಕೋರರಿಗೆ ಸಲಹೆಯ ಪತ್ರ ಬರೆದರೆಂಬ ಆರೋಪ ತಲೆಗೆ ಬಂದಾಗ 1862ರಲ್ಲಿ ಪ್ರಾಣ ಉಳಿಸಿಕೊಂಡು ಹಾಂಗ್‌ಕಾಂಗಿಗೆ ಓಡಿಬಂದರು. ಅಂದಿನಿಂದ ಲೆಗ್ ಅವರ ಮೇಜಿನ ಮತ್ತೊಂದು ಮಗ್ಗುಲಿಗೆ ಅವರು. ಕಾವ್ಯಶಾಸ್ತ್ರಕ್ಕೂ ಇತಿಹಾಸಗ್ರಂಥಗಳಿಗೂ ಹಳೆಯ ಭಾಷ್ಯಗಳನ್ನೆಲ್ಲ ಜಾಲಾಡಿ ಟಿಪ್ಪಣಿಗಳ ಹೊರೆಯನ್ನೇ ಸಿದ್ಧಪಡಿಸಿಕೊಟ್ಟರು. 1867ರಲ್ಲಿ ಲೆಗ್ ಸ್ಕಾಟ್ಲೆಂಡಿನ ಡಾಲರ್ ಎಂಬ ಊರಿಗೆ ಬಂದಾಗ ವಾಂಗ್ ತಾವೊ ಅವರನ್ನೂ ಕರೆಸಿಕೊಂಡರು. 1870ರವರೆಗೆ ಇಬ್ಬರೂ ಆ ಚಳಿಯ ಊರಿನಲ್ಲಿ ಕುಳಿತು ಎರಡು ಸಾವಿರ ವರ್ಷಗಳಿಗೂ ಹಿಂದಿನ ಪದ್ಯಗಳ ಅರ್ಥವನ್ನು ಚರ್ಚಿಸಿದರು. ಆ ಪರದೇಶವಾಸದಿಂದ ವಾಂಗ್ ತಾವೊ ಕಲಿತದ್ದೂ ಕಡಮೆಯಲ್ಲ. ಹಿಂದಿರುಗಿ ಹೋಗಿ 1874ರಲ್ಲಿ ಹಾಂಗ್‌ಕಾಂಗಿನಲ್ಲಿ ಚೀನೀ ದಿನಪತ್ರಿಕೆಯನ್ನು ಹೂಡಿ, ತಮ್ಮ ದೇಶದ ಸುಧಾರಣಾವಾದಿಗಳಲ್ಲಿ ಮುಂದಾಳಾದರು. ತಮ್ಮ ಪೀಠಿಕೆಯಲ್ಲಿ ಲೆಗ್ ಈ ಋಣವನ್ನು ಮುಕ್ತವಾಗಿ ಒಪ್ಪಿಕೊಂಡಿದ್ದಾರೆ. ಆದರೆ ಮುಖಪುಟದ ಮೇಲಿರುವುದು ಒಂದೇ ಹೆಸರು.

1873ರಲ್ಲಿ ಹಾಂಗ್‌ಕಾಂಗನ್ನು ಶಾಶ್ವತವಾಗಿ ಬಿಡುವ ಮುನ್ನ ಲೆಗ್ ಉತ್ತರ ಚೀನಾದ ಯಾತ್ರೆ ಕೈಕೊಂಡರು. ಮೂವತ್ತು ವರ್ಷ ಗ್ರಂಥಗಳಲ್ಲಿ ಕಂಡ ದೇಶವನ್ನು ಕಣ್ಣಾರೆ ಕಾಣುವ ಹಂಬಲ. ಪೀಕಿಂಗಿನಲ್ಲಿ, ಚಕ್ರವರ್ತಿಯು ದಕ್ಷಿಣಾಯನದ ಕೊನೆಯಲ್ಲಿ ಬಂದು ಬಲಿಯರ್ಪಿಸುತ್ತಿದ್ದ ಸ್ವರ್ಗವೇದಿಕೆಯಿದೆ. ಬಯಲಿನಲ್ಲಿ ಬಿಳಿಯ ಅಮೃತಶಿಲೆಯ ಮೂರು ಅಂತಸ್ತಿನ ವೃತ್ತ. ಅಲ್ಲಿಗೆ ಏರುವ ಮುನ್ನ ಲೆಗ್ ತಮ್ಮ ಕಾಲಿನ ಜೋಡನ್ನು ಕಳಚಿದರು. ಅಲ್ಲಿಂದ ಶಾಂತುಂಗಕ್ಕೆ ಹೋಗಿ ತೈಷಾನ್ ಪರ್ವತವನ್ನು ಹತ್ತಿ, ಕನ್‌ಫ್ಯೂಷಿಯಸ್ಸಿನ ಸಮಾಧಿಯನ್ನು ಸಂದರ್ಶಿಸಿದರು. ಜೋಡು ಕಳಚಿದ ಸುದ್ದಿ ಹಬ್ಬಿದಾಗ ಅವರ ಜೊತೆಯ ಪಾದ್ರಿಗಳಲ್ಲಿ ಎಷ್ಟೋ ಮಂದಿಗೆ ಅದು ಸಹನೆಯಾಗಲಿಲ್ಲ. ಪ್ರಾಚೀನ ಚೀನೀಯರು ಪೂಜಿಸಿದ ಪರಮೇಶ್ವರನೂ ತಾವು ಪೂಜಿಸುವ ದೇವರೂ ಒಬ್ಬನೇ ಎಂಬುದು ಲೆಗ್ ಅವರ ಸಿದ್ಧಾಂತ. 1877ರಲ್ಲಿ ಶಾಂಘೈಯಲ್ಲಿ ನೆರೆದ ಮಿಷನರಿ ಸಮ್ಮೇಳನಕ್ಕೆ ಅವರು ಕಳುಹಿದ ಪ್ರಬಂಧವನ್ನು ಸಮ್ಮೇಳನದ ವರದಿಯಲ್ಲಿ ಸೇರಿಸದೆ ಕೈಬಿಟ್ಟರು.

ಆದರೆ ವಿದ್ವಲ್ಲೋಕ ಕೈಬಿಡಲಿಲ್ಲ. ಪ್ಯಾರಿಸಿನಲ್ಲಿ ಸ್ತಾನಿಸ್ಲಾಸ್ ಜೂಲಿಯೆನ್ ಎಂಬ ಮಹಾಪಂಡಿತನ ಹೆಸರಿನಲ್ಲಿ ಹೊಸದಾಗಿ ಸ್ಥಾಪಿತವಾದ ಬಹುಮಾನ 1875ರಲ್ಲಿ ಮೊಟ್ಟಮೊದಲಿಗೆ ಲೆಗ್ ಅವರಿಗೆ ಸಂದಿತು. ಈ ಜೂಲಿಯೆನ್ ಕನ್ನಡಿಗರಾದ ನಾವು ಸ್ಮರಿಸಬೇಕಾದವನು. ಹ್ಯೂಯೆನ್‌ತ್ಸಾಂಗನ ಪ್ರವಾಸಗ್ರಂಥವನ್ನು 1857-58ರಲ್ಲಿ ಫ್ರೆಂಚಿಗೆ ತಂದವನು ಅವನು. ಹರ್ಷವರ್ಧನನಿಗೆ ಮಣಿಯದ ದಕ್ಷಿಣದ ದೊರೆ ಪುಲಕೇಶಿಯನ್ನು ಆ ಯಾತ್ರಿಕನು ಚೀನೀ ಲಿಪಿಯಲ್ಲಿ ಬರೆದಿಟ್ಟದ್ದು ಹೊರಗಿನ ಜಗತ್ತಿಗೆ ತಿಳಿದದ್ದು ಇಂಥ ಕೆಲವರು ಆ ಲಿಪಿಯೊಡನೆ ಹೆಣಗಿದ್ದರಿಂದ. ನಮ್ಮ ಚರಿತ್ರೆಯ ಒಂದು ಪುಟಕ್ಕೂ ಚೀನೀ ಭಾಷೆಯ ಅಧ್ಯಯನಕ್ಕೂ ಇರುವ ನಂಟು ಹೀಗೆ.

ಇನ್ನು ಆಕ್ಸ್‌ಫರ್ಡ್. ಚೀನಾದೊಡನೆ ವ್ಯವಹಾರವಿದ್ದ ವರ್ತಕರು ಹಣ ಕೂಡಿಸಿ ಅಲ್ಲಿ ಚೀನೀ ಪೀಠವನ್ನು ಏರ್ಪಡಿಸಿದರು; ಲೆಗ್ ಅವರೇ ಅದಕ್ಕೆ ಯೋಗ್ಯರೆಂಬುದು ಎಲ್ಲರ ಅಭಿಪ್ರಾಯ. ಮತಭೇದದ ಅಡ್ಡಿ ಕೇವಲ ಐದು ವರ್ಷಗಳ ಹಿಂದೆ, 1871ರ ಶಾಸನದಿಂದ, ತೊಲಗಿತ್ತು. ಅಬರ್ಡೀನಿನಲ್ಲಿ ಷರತ್ತನ್ನು ನಿರಾಕರಿಸಿ ನಡೆದುಬಂದವರು ನಲವತ್ತು ವರ್ಷಗಳ ಮೇಲೆ, ಷರತ್ತಿಲ್ಲದೆ, 1876ರಲ್ಲಿ ಪ್ರಾಧ್ಯಾಪಕರ ಆಸನವನ್ನೇರಿದರು. ಆಗ ಅವರಿಗೆ ಅರವತ್ತು ವಯಸ್ಸು. ಹಾಂಗ್‌ಕಾಂಗಿನ ಗವರ್ನರಾಗಿದ್ದ ಸರ್ ಜಾನ್ ಡೇವಿಸ್ ಅದೇ ವರ್ಷ ಚೀನೀ ಅಭ್ಯಾಸಕ್ಕೆಂದು ಒಂದು ವಿದ್ಯಾರ್ಥಿವೇತನವನ್ನೂ ಸ್ಥಾಪಿಸಿದರು. ಪೀಠ ಬಂದಿತು, ವೇತನ ಬಂದಿತು, ಆಚಾರ್ಯರು ಬಂದರು. ಬರಬೇಕಾದವರು ವಿದ್ಯಾರ್ಥಿಗಳು.

ಅವರು ಬರಲಿಲ್ಲ, ಬಂದವರು ಬೆರಳೆಣಿಕೆಯವರು. ಚೀನಾಕ್ಕೆ ಹೊರಟ ಪಾದ್ರಿಗಳು, ಅಲ್ಲಿಯ ಸರಕಾರಿ ಕಾರ್ಯಾಲಯಗಳಲ್ಲಿ ಕೆಲಸ ಬಯಸಿದ ತರುಣರು, ಕುತೂಹಲಿಗಳು. ಕಾರಣ ಊಹಿಸುವುದು ಕಷ್ಟವಲ್ಲ. ಗ್ರೀಕ್, ಲ್ಯಾಟಿನ್ ಓದಿದವನಿಗೆ ಪದವಿಯುಂಟು, ಪ್ರಶಸ್ತಿಯುಂಟು, ಉದ್ಯೋಗವುಂಟು. ಚೀನೀ ಓದಿದವನಿಗೆ ಪರೀಕ್ಷೆಯೂ ಇಲ್ಲ, ಪಠ್ಯಕ್ರಮವೂ ಇಲ್ಲ. ಮೂಲರೂಪಗಳೇ 214, ಕಾಂಗ್‌ಷಿ ಚಕ್ರವರ್ತಿಯ ನಿಘಂಟಿನಲ್ಲಿ ಅಕ್ಷರಗಳು 47,000ಕ್ಕೂ ಹೆಚ್ಚು. ಫಲವಿಲ್ಲದ ಇಂಥ ಬೆಟ್ಟವನ್ನು ಹತ್ತುವವರು ಯಾರು? ಅದರ ಮೇಲೆ ಲೆಗ್ ಹೇಳುತ್ತಿದ್ದುದು ಮುಖ್ಯವಾಗಿ ಪ್ರಾಚೀನ ಗ್ರಂಥಗಳ ಪಾಠ. ಅವರ ನಾಲಗೆಗೆ ಒಗ್ಗಿದ್ದ ಮಾತು ದಕ್ಷಿಣದ ಕ್ಯಾಂಟನ್ನಿನದು. ಸರಕಾರಿ ಕೆಲಸಕ್ಕೆ ಹೋಗುವವರಿಗೆ ಬೇಕಾದದ್ದು ಪೀಕಿಂಗಿನ ಆಡುಮಾತು. ವ್ಯಾಪಾರಕ್ಕೋ ದರಬಾರಿಗೋ ಒದಗುವ ಭಾಷೆ ಮೊದಲೋ, ಆ ಜನರ ಮನಸ್ಸನ್ನು ರೂಪಿಸಿದ ಗ್ರಂಥಗಳು ಮೊದಲೋ ಎಂಬ ಜಗಳ ಅಂದು ಹುಟ್ಟಿದ್ದು ಪಠ್ಯಕ್ರಮ ಸಮಿತಿಗಳಲ್ಲಿ ಇಂದಿಗೂ ತೀರಿಲ್ಲ. ಆಡುಮಾತಿನ ಪಕ್ಷದ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಎರಡು ಬೇಕಾದ ಕಡೆ ಒಂದನ್ನೇ ಆರಿಸಬೇಕಾಗಿ ಬಂದರೆ ನನ್ನ ಮತ ಲೆಗ್ ಅವರಿಗೆ.

ಬೆಂಚುಗಳು ಬರಿದಾಗಿದ್ದುವೆಂದು ಅವರು ಸುಮ್ಮನಿರಲಿಲ್ಲ. ಮ್ಯಾಕ್ಸ್ ಮುಲ್ಲರ್ ಸಂಪಾದಿಸುತ್ತಿದ್ದ ಪ್ರಾಚ್ಯ ಧರ್ಮಗ್ರಂಥಮಾಲೆಗೆ 1879ರಿಂದ 1891ರವರೆಗೆ ಆರು ಸಂಪುಟಗಳನ್ನು ಬರೆದುಕೊಟ್ಟರು. ಅವುಗಳಲ್ಲಿ ಎರಡು ತಾವೋ ಮತದ ಗ್ರಂಥಗಳು. 1886ರಲ್ಲಿ ಫಾಹಿಯಾನನ ಭಾರತಯಾತ್ರೆಯ ಅನುವಾದ ಪ್ರಕಟವಾಯಿತು. ಮುಲ್ಲರರಲ್ಲಿ ಸಂಸ್ಕೃತ ಓದಲು ಬಂದಿದ್ದ ಜಪಾನಿನ ಬೌದ್ಧಭಿಕ್ಷು ನಾಂಜಿಯೊ ಅದಕ್ಕೆ ಕೊರಿಯಾದ ಪಾಠಾಂತರವನ್ನು ಒದಗಿಸಿದ್ದರು. ಸ್ಕಾಟ್ಲೆಂಡಿನ ಪಾದ್ರಿ, ಜಪಾನಿನ ಭಿಕ್ಷು, ಕೊರಿಯಾದ ಪ್ರತಿ, ಚೀನೀ ಯಾತ್ರಿಕ, ಭಾರತದ ತೀರ್ಥಗಳು! ಹೆಂಗಸರಿಗೆ ಆಕ್ಸ್‌ಫರ್ಡಿನ ಬಾಗಿಲು ತೆರೆಯಲೆಂದು ಸಾಮರ್‌ವಿಲ್ ಕಾಲೇಜನ್ನು ಸ್ಥಾಪಿಸಿದವರಲ್ಲಿಯೂ ಲೆಗ್ ಒಬ್ಬರು.

ಇಂಗ್ಲೆಂಡಿಗೆ ಬಂದ ಚೀನಾದ ಪ್ರಥಮ ರಾಯಭಾರಿ ಕುವೊ ಸುಂಗ್‌ತಾವೊ ಅವರೊಡನೆ ಲೆಗ್ ನಡೆಸಿದ ಸಂಭಾಷಣೆಯೊಂದಿದೆ. ನೀತಿಯ ದೃಷ್ಟಿಯಿಂದ ಎರಡು ದೇಶಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆ ಬಂದಿತು. ತಮ್ಮ ದೇಶವೇ ಮೇಲೆಂದು ಲೆಗ್ ಹೇಳಿದರು. ರಾಯಭಾರಿ ಎದ್ದು ಕೋಣೆಯಲ್ಲಿ ಹೆಜ್ಜೆ ಹಾಕಿದರು. ಹಾಗಾದರೆ ತಮ್ಮ ಅಫೀಮನ್ನು ಕೊಂಡೇ ತೀರಬೇಕೆಂದು ಆ ದೇಶ ನಮ್ಮನ್ನು ಬಲವಂತಪಡಿಸುವುದೇಕೆ ಎಂದು ಕೇಳಿದರು. ಈ ಕಥೆ ನಮಗೆ ತಿಳಿದಿರುವುದು ಲೆಗ್ ಅವರಿಂದಲೇ. ತಮಗೆ ಉತ್ತರ ಕೊಡಲಾಗದ ಪ್ರಶ್ನೆಯನ್ನು ಅವರು ಬಚ್ಚಿಡಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚಾಗಿ ಮುಟ್ಟಿದೆ. 1861ರ ಪೀಠಿಕೆಯಲ್ಲಿ ಅವರು ಕನ್‌ಫ್ಯೂಷಿಯಸ್ಸನನ್ನು ಮಹಾಪುರುಷನೆಂದು ತಾವು ಎಣಿಸಲಾರೆವೆಂದು ನಿಷ್ಠುರವಾಗಿ ಬರೆದಿದ್ದರು. 1893ರಲ್ಲಿ ಅದೇ ಸಂಪುಟದ ಪರಿಷ್ಕೃತ ಮುದ್ರಣ ಬಂದಾಗ, ಎಪ್ಪತ್ತೇಳರ ವೃದ್ಧರು ಆ ಭಾಗವನ್ನು ಹೊಡೆದುಹಾಕಿ, ಓದಿದಷ್ಟೂ ಆತನಲ್ಲಿ ತಮ್ಮ ಗೌರವ ಬೆಳೆಯುತ್ತ ಬಂದಿತೆಂದೂ, ಆತ ನಿಜವಾಗಿಯೂ ದೊಡ್ಡವನೆಂದೂ ಬರೆದರು. ಯಾರೂ ಒತ್ತಾಯಪಡಿಸಿರಲಿಲ್ಲ. ಹಳೆಯ ಮಾತನ್ನು ಹಾಗೆಯೇ ಬಿಟ್ಟಿದ್ದರೂ ಕೇಳುವವರಿರಲಿಲ್ಲ. ಯಾವ ವಿಶ್ವವಿದ್ಯಾನಿಲಯದ ನಿಯಮಾವಳಿಯಲ್ಲಿಯೂ ಇದಕ್ಕೆ ಅಂಕಗಳಿಲ್ಲ.

1897ರ ನವೆಂಬರ್ 29ರಂದು, ಇನ್ನೂ ಪ್ರಾಧ್ಯಾಪಕರಾಗಿದ್ದಂತೆಯೇ, ಅವರು ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ವುಲ್ವರ್‌ಕೋಟ್ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ. ಅದೇ ವರ್ಷ ವಾಂಗ್ ತಾವೊ ಶಾಂಘೈಯಲ್ಲಿ ಕಾಲವಾಗಿದ್ದರು. ಪೀಠ ಎರಡು ವರ್ಷ ಬರಿದಾಗಿದ್ದು, 1899ರಲ್ಲಿ ಅದಕ್ಕೆ ಬೇರೊಬ್ಬರು ಬಂದರು. ಚೀನೀ ಭಾಷೆಯಲ್ಲಿ ಗೌರವ ಪದವಿಗೆ ಆಕ್ಸ್‌ಫರ್ಡ್ ವ್ಯವಸ್ಥೆ ಮಾಡಿದ್ದು 1939ರಲ್ಲಿ. ಆ ಸುಮಾರಿಗೆ ಪೀಠಕ್ಕೆ ಚೀನಾದ ಶ್ರೇಷ್ಠ ಇತಿಹಾಸಜ್ಞ ಚೆನ್ ಯಿನ್‌ಕೊ ಅವರನ್ನು ಆರಿಸಿದ್ದರು. ಯುದ್ಧವೂ ಕುಂದುತ್ತಿದ್ದ ದೃಷ್ಟಿಯೂ ಅಡ್ಡಬಂದು ಅವರು ಒಂದು ಪಾಠವನ್ನೂ ಹೇಳಲಾಗಲಿಲ್ಲ. ಲೆಗ್ ಅವರ ಐದು ಸಂಪುಟಗಳನ್ನು 1960ರಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾನಿಲಯ ಮತ್ತೆ ಅಚ್ಚು ಹಾಕಿಸಿತು, ಮೇಲೆ ಮೂಲ, ನಡುವೆ ಅನುವಾದ, ಕೆಳಗೆ ಟಿಪ್ಪಣಿ.